ಸಾಲಿನ ಮುಂದೆ ನಿಂತ ಸೈಕಲ್

"ಗುರುಗಳೇ, ದೊಡ್ಡವರು ಎದುರಾದಾಗ ಸರಿದು ದಾರಿ ಬಿಡುವುದೇ ವಿನಯವಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯಿತ್ತು. ಒಳಗೆ ಬೇಕಾದಷ್ಟು ಅಂಗಳವಿದ್ದರೂ ಮಾಲೀಕ ತನ್ನ ಲಾರಿಗಳನ್ನು ರಸ್ತೆಯ ಅಂಚಿನಲ್ಲೇ ನಿಲ್ಲಿಸುತ್ತಿದ್ದ. ನಡೆದು ಬರುವವರು, ಸೈಕಲ್ ತುಳಿದು ಬರುವವರು ಜೀವ ಕೈಯಲ್ಲಿ ಹಿಡಿದು ನಡುರಸ್ತೆಗೆ ಇಳಿಯಬೇಕು. ಅಲ್ಲಿ ಹೊಲಿಗೆ ಕೆಲಸಕ್ಕಿದ್ದ ಒಬ್ಬ ಹೆಂಗಸು ಸೈಕಲ್ಲಿನಲ್ಲಿ ಬರುತ್ತಿದ್ದಳು. ಅವಳ ಗೆಳತಿ ಹಾಗೆ ನಡುರಸ್ತೆಗೆ ಇಳಿದು, ಲಾರಿಗೆ ಸಿಕ್ಕಿ ಕಾಲು ಕಳೆದುಕೊಂಡಿದ್ದಳು. ದಸರಾ ಹಬ್ಬ ಕಳೆದರೆ ಈ ಹೆಂಗಸಿನ ಮಗಳೂ ಅದೇ ದಾರಿಯಲ್ಲಿ ಕೆಲಸಕ್ಕೆ ಬರುವವಳು. ಹೆಂಗಸು ಮಾಲೀಕನಿಗೆ ಹೇಳಿ ಹೇಳಿ ಸೋತಳು. ಅವನೇನು ಕಾಲ್ನಡಿಗೆಯಲ್ಲಿ ಬರುವವನೇ? ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳಿಗೆ ಮೈಯೆಲ್ಲ ಉರಿಯಿತು.

ಆಯುಧಪೂಜೆ ಬಂತು. ಲಾರಿಗಳು ಮೈ ತೊಳೆಸಿಕೊಂಡು, ಹೂಮಾಲೆ ಹಾಕಿಸಿಕೊಂಡು ಅಂಗಳದಲ್ಲಿ ಗೇಟಿನತ್ತ ಮುಖಮಾಡಿ ಸಾಲಾಗಿ ನಿಂತವು. ಹೆಂಗಸು ತನ್ನ ಸೈಕಲ್ಲಿಗೂ ಮಾಲೆ ಹಾಕಿ, ಎಲ್ಲಕ್ಕಿಂತ ಮುಂದೆ, ಗೇಟಿನ ಬಾಯಿಗೇ ನಿಲ್ಲಿಸಿದಳು. ಮಾಲೀಕನಿಗೆ ನಗು ಬಂತು. "ಪಾಪ, ಇದಕ್ಕೂ ಒಂದು ಪೂಜೆ ಆಗಲಿ ಬಿಡಿ ಭಟ್ಟರೇ" ಎಂದ. ಭಟ್ಟರು ಅದರ ಚಕ್ರಗಳಿಗೂ ನಿಂಬೆಹಣ್ಣು ಇಟ್ಟು ಆರತಿ ಎತ್ತಿದರು.

ಪೂಜೆಯಾದ ಗಾಡಿ ನಿಂಬೆಹಣ್ಣು ತುಳಿದು ಮುಂದಕ್ಕೇ ಹೊರಡಬೇಕು. ಪಕ್ಕಕ್ಕೆ ಎಳೆದರೆ ಹಿಂದಿನ ಗಾಡಿಗಳಿಗೆಲ್ಲ ಕೇಡೆಂದು ಅಲ್ಲಿಯವರ ನಂಬಿಕೆ. ಡ್ರೈವರುಗಳು ಲಾರಿ ಸ್ಟಾರ್ಟ್ ಮಾಡಿದರು. ಹೆಂಗಸು ಮಾತ್ರ ಹ್ಯಾಂಡಲ್ ಹಿಡಿದು ನಿಂತೇ ಇದ್ದಳು. ಸೈಕಲ್ ಎತ್ತಿ ಆಚೆಗಿಡಿ ಎಂದು ಮಾಲೀಕ ಕೂಗಿದ. ಒಬ್ಬನೂ ಮುಂದೆ ಬರಲಿಲ್ಲ. ಒಳ್ಳೆಯ ಗಳಿಗೆ ಮೀರುತ್ತಿದೆಯೆಂದು ಭಟ್ಟರು ಚಡಪಡಿಸಿದರು.

"ಏನಮ್ಮಾ ನಿನ್ನ ಗೋಳು?" ಎಂದ ಮಾಲೀಕ.

"ರಸ್ತೆ ಅಂಚು ನಮಗೆ ಬಿಡಿ ಸಾರ್. ಲಾರಿ ಒಳಗೆ ನಿಲ್ಲಿಸಿ."

"ಆಯ್ತು, ನಾಳೆ ನೋಡೋಣ."

"ಹಾಗಾದ್ರೆ ನಾನೂ ನಾಳೇನೇ ಹೊರಡ್ತೀನಿ."

ಮಾಲೀಕ ಹಲ್ಲು ಕಡಿದ. ಕೊನೆಗೆ ಎಲ್ಲರೆದುರು, ಉರಿಯುವ ಆರತಿಯ ಮುಂದೆ ಮಾತು ಕೊಟ್ಟ. ಆಗಷ್ಟೇ ಅವಳು ಪೆಡಲ್ ತುಳಿದಳು. ಅಂದು ಹೊರಟ ಲಾರಿಗಳು ಒಂದು ಸುತ್ತು ಹಾಕಿ ಅಂಗಳಕ್ಕೇ ಮರಳಿದವು. ಹಬ್ಬ ಕಳೆದ ಮೇಲೆ ಮಗಳು ರಸ್ತೆಯ ಅಂಚಿನಲ್ಲೇ ನಡೆದು ಕೆಲಸಕ್ಕೆ ಬಂದಳು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಶುಭದಿನದಲ್ಲಿ ಅಷ್ಟು ಜನರ ದಾರಿಗೆ ಅಡ್ಡ ನಿಲ್ಲಬಹುದೇ?" ಎಂದ.

"ಲಾರಿಗಳು ವರ್ಷವಿಡೀ ಅಡ್ಡ ನಿಂತಿದ್ದವಲ್ಲ, ಆಗ ಈ ಪ್ರಶ್ನೆ ನಿನಗೆ ಯಾಕೆ ಹುಟ್ಟಲಿಲ್ಲ?" ಎಂದರು ಗುರು.