ಬಾಳೆ ಎಲೆಯ ಕೆಳಗಿದ್ದ ಕುಂಬಳಕಾಯಿ

ಮರುಳಸಿದ್ದಯ್ಯ ಕಾರು ಕೊಂಡದ್ದು ತನ್ನ ಐವತ್ತೆರಡನೇ ವಯಸ್ಸಿನಲ್ಲಿ. ತುಮಕೂರಿನ ಒಂದು ಐ.ಟಿ.ಐ.ಯಲ್ಲಿ ಅವನು ಸ್ಟೋರ್ ಕೀಪರ್. ಒಂದು ಸ್ಪ್ಯಾನರ್ ಹೊರಗೆ ಹೋಗಬೇಕಾದರೂ ಯಾರು ಒಯ್ದರು, ಯಾಕೆ ಒಯ್ದರು, ಮುರಿದರೆ ಹೇಗೆ ಮುರಿಯಿತು ಎಂದು ಬರೆಸಿಕೊಳ್ಳದೆ ಬಿಡುವ ಆಸಾಮಿಯಲ್ಲ. ಹುಡುಗರು ಬೈದುಕೊಂಡೇ ಬರೆದುಕೊಡುತ್ತಿದ್ದರು.

ಮನೆಯ ಕಾಂಪೌಂಡಿನೊಳಗೆ ಜಾಗವಿಲ್ಲದ್ದರಿಂದ ಆ ಬಿಳಿ ಕಾರು ಗೇಟಿನ ಮುಂದೆ ಬೀದಿಯಲ್ಲೇ ನಿಲ್ಲುತ್ತಿತ್ತು. ಆ ವರ್ಷದ ಆಯುಧಪೂಜೆಗೆ ಅದನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಮುಂದುಗಡೆ ಎರಡು ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿಯನ್ನು ಮೂರು ಸುತ್ತು ನಿವಾಳಿಸಿ ನಡುಬೀದಿಯಲ್ಲಿ ಒಡೆದ. ಮೂರು ತಿಂಗಳ ಹೊಸ ಕಾರಿಗೆ ಊರವರ ಕಣ್ಣೆಲ್ಲ ತಗುಲಿದೆ ಎಂದು ಅವನ ಗುಮಾನಿ. ಕಾರು ನೋಡಲೆಂದು ಇದುವರೆಗೆ ಯಾರೂ ನಿಂತದ್ದಿಲ್ಲ, ಆ ಮಾತು ಬೇರೆ.

ಆ ಬೀದಿಯಲ್ಲಿ ಒಂದು ರೂಢಿ ಇತ್ತು. ಕಾಯಿ ಒಡೆದವರು ಸಂಜೆಯೊಳಗೆ ಚೂರುಗಳನ್ನು ಬಳಿದು ಬದಿಗೆ ಹಾಕಬೇಕು. ಹಿಂದೊಮ್ಮೆ ಯಾರೋ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಎಲ್ಲರೂ ಸೇರಿ ಮಾಡಿಕೊಂಡ ಕಟ್ಟಳೆ ಅದು. ಹೆಂಡತಿ ದಾಕ್ಷಾಯಿಣಿ ಎರಡು ಸಲ ನೆನಪಿಸಿದಳು. ಮರುಳಸಿದ್ದಯ್ಯ ಪೊರಕೆ ಹಿಡಿದು ಹೊರಗೆ ಬಂದ. ದೊಡ್ಡ ಹೋಳುಗಳನ್ನು ಬೀದಿಯ ಹಸು ತಿಂದು ಹೋಗಿತ್ತು. ಮಿಕ್ಕ ಚೂರುಗಳು ಲೋಳೆಯಾಗಿ ರಸ್ತೆಗೆ ಅಂಟಿಕೊಂಡಿದ್ದವು. ಉಟ್ಟದ್ದು ಹೊಸ ಪಂಚೆ, ಬಗ್ಗಿ ಬಳಿದರೆ ಕೊಳೆಯಾಗುತ್ತದೆ. ಕಂದಿನಿಂದ ಹರಿದು ಬಿದ್ದಿದ್ದ ಒಂದು ಬಾಳೆ ಎಲೆಯನ್ನು ಕಾಲಲ್ಲೇ ಎಳೆದು ಚೂರುಗಳ ಮೇಲೆ ಮುಚ್ಚಿ ಒಳಗೆ ಬಂದ. ಹೆಂಡತಿ ಕೇಳಿದ್ದಕ್ಕೆ ಆಯಿತು ಎಂದ. ಬೆಳಗಾದರೆ ಪೌರಕಾರ್ಮಿಕರು ಬಂದೇ ಬರುತ್ತಾರಲ್ಲ.

ಅವರಿಗಿಂತ ಮೊದಲು ಮುದ್ದರಂಗಪ್ಪ ಬಂದ.

ಮುದ್ದರಂಗಪ್ಪನದು ಬೀದಿಯ ಕೊನೆಯಲ್ಲಿ ಇಸ್ತ್ರಿ ಅಂಗಡಿ. ವಯಸ್ಸು ಅರವತ್ತು. ಸುತ್ತಲಿನ ನಾಲ್ಕು ಬಡಾವಣೆಗಳ ಬಟ್ಟೆಯನ್ನು ತನ್ನ ಹಳೆಯ ಮೊಪೆಡ್ಡಿನ ಮೇಲೆ ಹಾಡು ಹೇಳಿಕೊಂಡು ಒಯ್ದು, ಇಸ್ತ್ರಿ ಮಾಡಿ ತಂದುಕೊಡುತ್ತಿದ್ದ. ವಿಜಯದಶಮಿಯ ಬೆಳಗ್ಗೆ ಎಲ್ಲರಿಗೂ ಮಡಿಕೆ ಮುರಿಯದ ಬಟ್ಟೆ ಬೇಕು, ಹಾಗಾಗಿ ಅಂದು ಬೇಗ ಹೊರಟಿದ್ದ.

ಧಡ್ ಎಂದು ಸದ್ದಾಯಿತು. ಮರುಳಸಿದ್ದಯ್ಯ ಬನಿಯನ್ನಿನಲ್ಲೇ ಹೊರಗೆ ಓಡಿದ. ಕಾರಿನ ಹಿಂಬಾಗಿಲಿನಲ್ಲಿ ಅಂಗೈ ಅಗಲದ ತಗ್ಗು, ಅಲ್ಲಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೆ ಗೀರು. ಮೊಪೆಡ್ಡು ಅಡ್ಡ ಬಿದ್ದಿತ್ತು. ಮುದ್ದರಂಗಪ್ಪನ ಮೊಣಕಾಲಲ್ಲಿ ರಕ್ತ ಇಳಿಯುತ್ತಿದ್ದರೂ ಅವನು ಕಾಲನ್ನು ನೋಡದೆ ಮಣ್ಣಾದ ಬಟ್ಟೆಗಳನ್ನು ಒಂದೊಂದಾಗಿ ಆಯುತ್ತಿದ್ದ.

“ನಂದೇ ತಪ್ಪು ಸ್ವಾಮಿ,” ಎಂದ ಅವನು. “ಕೈ ಸಡಿಲ ಆಗೋಯ್ತು. ಏನಾಗುತ್ತೋ ನಾನು ಕಟ್ಕೊಡ್ತೀನಿ.”

ಮರುಳಸಿದ್ದಯ್ಯನ ನಾಲಿಗೆಯ ತುದಿಗೆ ಬೈಗುಳ ಬಂದು ನಿಂತಿತ್ತು. ಅಷ್ಟರಲ್ಲಿ ಅವನ ಕಣ್ಣು ಆ ಬಾಳೆ ಎಲೆಯ ಮೇಲೆ ಬಿತ್ತು. ಮೊಪೆಡ್ಡಿನ ಚಕ್ರ ಅದನ್ನು ಒಂದು ಮೊಳ ಎಳೆದುಕೊಂಡು ಹೋಗಿತ್ತು. ಕೆಳಗೆ ಕುಂಬಳಕಾಯಿಯ ಬಿಳಿ ತಿರುಳು ನುಜ್ಜುಗುಜ್ಜಾಗಿ ರಸ್ತೆಗೆ ಸವರಿಕೊಂಡಿತ್ತು. ಏನಾಗಿದೆ ಎಂದು ಅವನಿಗೆ ಆ ಕ್ಷಣವೇ ತಿಳಿಯಿತು. ಇಲ್ಲಿ ಒಂದು ಮಾತು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನ ಚಪ್ಪಲಿ ಬಾಯಿಗಿಂತ ಚುರುಕು. ದಾರಿ ಸರಿಮಾಡುವವನ ಹಾಗೆ ಎಲೆಯನ್ನೂ ಚೂರನ್ನೂ ಒಟ್ಟಿಗೆ ಮೋರಿಗೆ ತಳ್ಳಿತು. ದಾಕ್ಷಾಯಿಣಿ ನೀರು, ಬಟ್ಟೆ ಹಿಡಿದು ಬರುವ ಹೊತ್ತಿಗೆ ರಸ್ತೆ ಚೊಕ್ಕಟವಾಗಿತ್ತು.

ಹಬ್ಬ ಮುಗಿದ ಮೇಲೆ ವಿಮೆಯ ಏಜೆಂಟನಿಗೆ ಫೋನು ಮಾಡಿದ. ಏಜೆಂಟ್ ಧಾರಾಳಿ. ಕ್ಲೈಮ್ ಹಾಕಿಬಿಡಿ ಸಾರ್, ಪಾಪ ಆ ಬಡವನ ಹತ್ತಿರ ಏನು ಕೇಳುತ್ತೀರಿ, ಒಂದು ಫಾರಂ ಇದೆ, ಅಪಘಾತ ಹೇಗಾಯಿತು ಅಂತ ನಾಲ್ಕು ಸಾಲು ಬರೆದು ಸಹಿ ಹಾಕಿದರೆ ಸಾಕು ಎಂದ. ನಾಲ್ಕು ಸಾಲು! ಇಪ್ಪತ್ತೈದು ವರ್ಷ ಹುಡುಗರಿಂದ ‘ಹೇಗೆ ಮುರಿಯಿತು’ ಎಂದು ಬರೆಸಿಕೊಂಡವನಿಗೆ ಆ ನಾಲ್ಕು ಸಾಲು ಬೆಟ್ಟವಾಯಿತು. ನಿಜ ಬರೆದರೆ ಮಾನ ಹೋಗುತ್ತದೆ, ಸುಳ್ಳು ಬರೆದರೆ ತನ್ನದೇ ಸಹಿ ಕೆಳಗೆ ಕೂತಿರುತ್ತದೆ. ಮನೆಮಟ್ಟಿಗೇ ಮುಗಿಸಿಕೊಳ್ಳುತ್ತೇನೆ ಎಂದು ಫೋನಿಟ್ಟ. ಬಾಯಿಮಾತಿನ ರಾಜಿಯಲ್ಲಿ ಹೇಗಾಯಿತು ಎಂದು ಯಾರೂ ಕೇಳುವುದಿಲ್ಲ. ಅವನಿಗೆ ಬೇಕಾದದ್ದೂ ಅದೇ.

ಮುದ್ದರಂಗಪ್ಪ ತಾನಾಗಿಯೇ ಬಂದು ರಾಜಿಯ ಮಾತೆತ್ತಿದ. ಕೈಯಲ್ಲಿ ದುಡ್ಡಿಲ್ಲ, ವರ್ಷಪೂರ್ತಿ ನಿಮ್ಮ ಮನೆಯ ಬಟ್ಟೆಯೆಲ್ಲ ನನ್ನ ಲೆಕ್ಕದಲ್ಲಿ ಇಸ್ತ್ರಿ ಎಂದ. ಮರುಳಸಿದ್ದಯ್ಯ ಒಪ್ಪಿದ. ಗಲಾಟೆಯಿಲ್ಲದೆ ಮುಗಿಸಿದ್ದಕ್ಕೆ ಅಕ್ಕಪಕ್ಕದವರು ಅವನನ್ನು ದೊಡ್ಡ ಮನಸ್ಸಿನವನೆಂದು ಹೊಗಳಿದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು.

ಆದರೆ ಕುಡಿದ ಹಾಲು ಅರಗಬೇಕಲ್ಲ. ಮುದ್ದರಂಗಪ್ಪ ಮಾತಿಗೆ ಕಟ್ಟುಬಿದ್ದ ಮನುಷ್ಯ. ವಾರಕ್ಕೊಮ್ಮೆ ಬರುತ್ತಿದ್ದವನು ದಿನ ಬಿಟ್ಟು ದಿನ ಬರತೊಡಗಿದ. ಶರಟು, ಪ್ಯಾಂಟು ಸಾಲದೆಂದು ದಿಂಬಿನ ಚೀಲ, ಕರ್ಚೀಫನ್ನೂ ಕೇಳಿ ಒಯ್ಯುತ್ತಿದ್ದ. ಗಂಜಿ ಹಾಕಿದ ಶರಟು ಕಾಗದದ ಹಾಗೆ ಗರಿಗರಿ. ಅದನ್ನು ತೊಟ್ಟ ದಿನ ಮರುಳಸಿದ್ದಯ್ಯನಿಗೆ ಕತ್ತಿನ ಪಟ್ಟಿ ಚುಚ್ಚುತ್ತಿತ್ತು. ಸ್ಟೋರಿನಲ್ಲಿ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಎದ್ದು ಕಪಾಟು ತೆಗೆಯುವನು, ಯಾಕೆ ತೆಗೆದೆ ಎಂದು ಮರೆತು ಮುಚ್ಚುವನು. ಒಮ್ಮೆ ಸಹೋದ್ಯೋಗಿಯೊಬ್ಬ ಪೇಪರು ಓದುತ್ತಾ, ರಸ್ತೆಯಲ್ಲಿ ಕುಂಬಳಕಾಯಿ ಒಡೆಯುವವರಿಗೆ ದಂಡ ಹಾಕಬೇಕು ಎಂದ. ಅವನು ಹೇಳಿದ್ದು ಬೇರೆ ಯಾವುದೋ ಊರಿನ ಸುದ್ದಿಗೆ. ಯಾರೂ ಕೇಳದಿದ್ದರೂ ಮರುಳಸಿದ್ದಯ್ಯ, ನಮ್ಮ ಬೀದಿಯಲ್ಲಿ ಎಲ್ಲರೂ ಬದಿಗೆ ಹಾಕುತ್ತಾರಪ್ಪ ಎಂದುಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಐದು ವಾರ ಕಳೆಯಿತು. ಒಂದು ಸಂಜೆ ಮುದ್ದರಂಗಪ್ಪ ಬಟ್ಟೆಗಂಟನ್ನು ಹೆಗಲ ಮೇಲೆ ಹೊತ್ತು ನಡೆದು ಬಂದ. ಉಬ್ಬಸ ಬಂದವನ ಹಾಗೆ ಏದುತ್ತಿದ್ದ. ಮೊಪೆಡ್ಡು ಕೆಟ್ಟಿತೇ ಎಂದು ಮರುಳಸಿದ್ದಯ್ಯ ಕೇಳಿದ.

“ಗಾಡಿ ಚೆನ್ನಾಗಿದೆ ಸ್ವಾಮಿ. ನಾನೇ ಕೆಟ್ಟಿರೋದು,” ಎಂದ ಮುದ್ದರಂಗಪ್ಪ. “ಮೂವತ್ತು ವರ್ಷದಲ್ಲಿ ಒಂದ್ ಸಲ ಬಿದ್ದೋನಲ್ಲ. ಅವತ್ತು ನೋಡ್ಕೊಂಡೇ ಬಂದೆ. ಒಂದು ಬಾಳೆ ಎಲೆ ಮೇಲೆ ಹತ್ತಿಸ್ದೆ, ಅಷ್ಟೇಯ. ಬರೀ ಎಲೆಗೆ ಗಾಡಿ ಹಂಗೆ ಜಾರುತ್ತಾ? ಕೈಯಲ್ಲಿ ಹಿಡಿತ ಹೋಗಿದೆ ಅಂತ ಅರ್ಥ. ಇವತ್ತು ಕಾರಿಗೆ ಗುದ್ದಿದೆ, ನಾಳೆ ಒಂದು ಮಗೂಗೆ ಗುದ್ದಿದ್ರೆ?”

ಭಾನುವಾರ ಗುಬ್ಬಿಯಿಂದ ಬಾಮೈದ ಬಂದು ಮೊಪೆಡ್ಡು ಕೊಂಡುಹೋಗುತ್ತಾನಂತೆ. ದೂರದ ಎರಡು ಬಡಾವಣೆಗಳ ಬಟ್ಟೆ ಆಗಲೇ ಬಿಟ್ಟಾಯಿತಂತೆ, ಅಷ್ಟು ದೂರ ಹೊತ್ತು ನಡೆಯಲು ಆಗುವುದಿಲ್ಲವಂತೆ. ಇದನ್ನೆಲ್ಲ ಅವನು ದೂರುವ ದನಿಯಲ್ಲಿ ಹೇಳಲಿಲ್ಲ. ಮಳೆ ಬಂತು ಎನ್ನುವಷ್ಟೇ ಸಾದಾ ಆಗಿ ಹೇಳಿ, ಮಡಿಸಿದ ಬಟ್ಟೆಯನ್ನು ಜಗುಲಿಯ ಮೇಲಿಟ್ಟು ಹೋದ.

ಮರುಳಸಿದ್ದಯ್ಯ ಕಾಲು ಸುಟ್ಟ ಬೆಕ್ಕಿನಂತಾದ. ಗೇಟಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗೇಟಿಗೆ. ಏನ್ರೀ ಕಳೆದುಹೋಗಿದೆ ಎಂದು ದಾಕ್ಷಾಯಿಣಿ ಕೇಳಿದರೆ ಏನಿಲ್ಲ ಎಂದ. ಮನಸ್ಸು ಬಲು ದೊಡ್ಡ ವಕೀಲ. ಅರವತ್ತು ವರ್ಷದವನು ಗಾಡಿ ಬಿಡುವುದೇ ಕ್ಷೇಮ ಎಂದಿತು. ನಡೆದರೆ ಆರೋಗ್ಯ ಎಂದಿತು. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂದಿತು. ಈ ಕೊನೆಯ ಮಾತು ಮಾತ್ರ ನಿಜ. ಅದಕ್ಕೇ ಅದು ಎಲ್ಲಕ್ಕಿಂತ ಹೆಚ್ಚು ಕೊರೆಯಿತು.

ಶನಿವಾರ ಅವನೊಂದು ಅಡ್ಡದಾರಿ ಹುಡುಕಿದ. ಇಸ್ತ್ರಿ ಅಂಗಡಿಗೆ ಹೋಗಿ, ರಂಗಪ್ಪ, ನೀನು ಮಾಡಿದ್ದು ಸಾಕು, ನಿನ್ನ ಋಣ ತೀರಿತು, ಇನ್ನು ಮುಂದೆ ದುಡ್ಡು ಕೊಟ್ಟೇ ಇಸ್ತ್ರಿ ಮಾಡಿಸುತ್ತೇನೆ ಎಂದ. ನಿಜವನ್ನು ಜೇಬಿನಲ್ಲೇ ಇಟ್ಟುಕೊಂಡು ಪುಣ್ಯ ಕೊಳ್ಳಲು ಹೋಗಿದ್ದ.

ಮುದ್ದರಂಗಪ್ಪ ತಲೆಯಾಡಿಸಿದ. “ಬ್ಯಾಡ ಸ್ವಾಮಿ. ತಪ್ಪು ಮಾಡ್ದೋನು ತೀರಿಸ್ಬೇಕು. ಇಲ್ದಿದ್ರೆ ಅನ್ನ ಒಳಗೆ ಇಳಿಯಲ್ಲ.”

ಮರುಳಸಿದ್ದಯ್ಯ ಮನೆಗೆ ಬಂದ. ಊಟಕ್ಕೆ ಕೂತ, ಎದ್ದ. ಮುದ್ದೆಯನ್ನು ಮುರಿದಿರಲೂ ಇಲ್ಲ.

ಭಾನುವಾರ ಬೆಳಗ್ಗೆ ಗೇಟಿನಲ್ಲಿ ನಿಂತು ನೋಡಿದರೆ ಇಸ್ತ್ರಿ ಅಂಗಡಿಯ ಮುಂದೆ ಒಬ್ಬ ಅಪರಿಚಿತ ಮೊಪೆಡ್ಡಿನ ಟೈರು ಒತ್ತಿ ನೋಡುತ್ತಿದ್ದ. ಬಾಮೈದನೇ ಇರಬೇಕು. ಮರುಳಸಿದ್ದಯ್ಯ ಮೊದಲು ನಡೆದ, ಆಮೇಲೆ ಓಡಿದ. ಐವತ್ತೆರಡು ವರ್ಷದ ಸ್ಟೋರ್ ಕೀಪರ್ ಪಂಚೆ ಎತ್ತಿ ಹಿಡಿದು ಓಡಿದ್ದನ್ನು ಆ ಬೀದಿ ಅದೇ ಮೊದಲು ಕಂಡಿತು.

“ಕೊಡಬೇಡ ರಂಗಪ್ಪ,” ಎಂದ. “ನಿನ್ನ ಕೈಗೆ ಏನೂ ಆಗಿಲ್ಲ. ಎಲೆ ಕೆಳಗೆ ಕುಂಬಳಕಾಯಿ ಇತ್ತು. ನಾನು ಒಡೆದದ್ದು. ಬಳಿಯೋಕೆ ಸೋಮಾರಿತನವಾಗಿ ಎಲೆ ಮುಚ್ಚಿದ್ದು ನಾನು. ನೀನು ಬಿದ್ದಾಗ ಮೋರಿಗೆ ತಳ್ಳಿದ್ದೂ ನಾನೇ.”

ಮುದ್ದರಂಗಪ್ಪ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟ. ಬಾಮೈದ ಮುಷ್ಟಿ ಬಿಗಿದು ಮುಂದೆ ಬಂದದ್ದನ್ನು ಕಣ್ಣಲ್ಲೇ ತಡೆದ. ಮರುಳಸಿದ್ದಯ್ಯ ಬೈಗುಳಕ್ಕೆ ತಯಾರಾಗಿ ನಿಂತಿದ್ದ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮುದ್ದರಂಗಪ್ಪ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಹಂಗಾದ್ರೆ ಕೈ ಸರಿಯಾಗೇ ಇತ್ತಾ ಸ್ವಾಮಿ?”

“ಸರಿಯಾಗೇ ಇತ್ತು.”

“ಇಷ್ಟು ದಿನ ಇದಕ್ಕೆ ಶಾಪ ಹಾಕ್ಕೊಂಡು ಬದುಕಿದ್ನಲ್ಲ,” ಎಂದ ಮುದ್ದರಂಗಪ್ಪ.

ಮರುಳಸಿದ್ದಯ್ಯನಿಗೆ ನಾಚಿಕೆಯಿಂದ ಕಣ್ಣು ತುಂಬಿ ಬಂತು. ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ಮನೆಯ ಕಡೆ ತಿರುಗಿದ.

ಸೋಮವಾರ ಅವನು ವಿಮೆಯ ಫಾರಂ ತರಿಸಿ ಇದ್ದದ್ದನ್ನು ಇದ್ದ ಹಾಗೆ ಬರೆದ. ಬರೆಯಲು ಐದು ನಿಮಿಷವೂ ಬೇಕಾಗಲಿಲ್ಲ. ತಿಳಿಸುವುದು ತೀರಾ ತಡವಾಯಿತು ಎಂದು ಕಂಪನಿಯವರು ಅದನ್ನು ವಾಪಸು ಕಳಿಸಿದರು. ಕಾರಿನ ರಿಪೇರಿಯನ್ನು ಕೈಯಿಂದಲೇ ದುಡ್ಡು ಹಾಕಿ ಮಾಡಿಸಿದ. ಅಷ್ಟು ವಾರಗಳ ಇಸ್ತ್ರಿಯ ದುಡ್ಡನ್ನು ತೆಗೆದುಕೊಂಡು ಹೋಗಿ ಕೊಟ್ಟ. ಮುದ್ದರಂಗಪ್ಪ ಬೇಡ ಎನ್ನಲಿಲ್ಲ, ತೆಗೆದುಕೊಂಡ. ಆದರೆ ಮರುಳಸಿದ್ದಯ್ಯನ ಮನೆಯ ಮೆಟ್ಟಿಲು ಮಾತ್ರ ಬಹಳ ದಿನ ಹತ್ತಲಿಲ್ಲ. ಎಲ್ಲವನ್ನೂ ತಿಳಿದ ದಾಕ್ಷಾಯಿಣಿ ಬಟ್ಟೆಯ ಚೀಲವನ್ನು ಗಂಡನ ಕೈಗೇ ಕೊಟ್ಟು ಇಸ್ತ್ರಿ ಅಂಗಡಿಗೆ ಕಳಿಸುತ್ತಿದ್ದಳು.

ಕಾರಿನ ತಗ್ಗು ಎರಡು ದಿನದಲ್ಲಿ ಹೋಯಿತು. ಬಣ್ಣ ಹಚ್ಚಿದ ಮೇಲೆ ಗೀರು ಎಲ್ಲಿತ್ತೆಂದು ಹುಡುಕಿದರೂ ಸಿಗದು. ಮೊಪೆಡ್ಡು ಗುಬ್ಬಿಗೆ ಹೋಗಲಿಲ್ಲ, ಅಂಗಡಿಯ ಮುಂದೆಯೇ ನಿಂತಿತು. ಮುದ್ದರಂಗಪ್ಪ ದಿನಾ ಅದನ್ನು ಒರೆಸುವನು, ಸ್ಟಾರ್ಟ್ ಮಾಡುವನು, ಹತ್ತಿ ಕೂರುವನು, ಮತ್ತೆ ಇಳಿದುಬಿಡುವನು. ಕೈಯಲ್ಲಿ ದೋಷವಿಲ್ಲವೆಂದು ತಲೆಗೆ ಗೊತ್ತಾಗಿತ್ತು, ಕೈಗೆ ಇನ್ನೂ ಗೊತ್ತಾಗಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಅವನು ಬಟ್ಟೆಗಂಟು ಕಟ್ಟಿಕೊಂಡು ಮೊಪೆಡ್ಡಿನ ಮೇಲೆ ಬಂದ. ಎರಡೂ ಕಾಲನ್ನು ನೆಲಕ್ಕೆ ಉಜ್ಜಿಕೊಂಡು, ನಡೆಯುವವರಿಗಿಂತ ನಿಧಾನವಾಗಿ ಬಂದ. ಗೇಟಿನಲ್ಲಿ ನಿಂತಿದ್ದ ಮರುಳಸಿದ್ದಯ್ಯ, ಅವನು ಬೀದಿ ದಾಟುವವರೆಗೂ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಮೂವತ್ತು ವರ್ಷ ಹಾಡು ಹೇಳಿಕೊಂಡು ಗಾಡಿ ಓಡಿಸಿದ ಮನುಷ್ಯ ಹಾಗೆ ಹೋಗುತ್ತಿದ್ದ.

ನೀತಿ: ನಮ್ಮ ತಪ್ಪನ್ನು ಇನ್ನೊಬ್ಬರು ತಮ್ಮದೆಂದು ಹೊತ್ತುಕೊಂಡಾಗ ಸುಮ್ಮನಿರುವುದು ಕಳ್ಳತನ. ಕಾರಿಗಾದ ಪೆಟ್ಟನ್ನು ವಿಮೆಯವರಾದರೂ ಸರಿಮಾಡಿಸಬಹುದು, ನಾವಾದರೂ ಸರಿಮಾಡಿಸಬಹುದು. ಒಬ್ಬರಿಗೆ ತಮ್ಮ ಮೇಲೆ ಇದ್ದ ನಂಬಿಕೆಯನ್ನು ಮುರಿದರೆ ಅದಕ್ಕೆ ಗ್ಯಾರೇಜಿಲ್ಲ. ಹೇಳಬೇಕಾದ ನಿಜವನ್ನು ಅಂದೇ ಹೇಳಿಬಿಡಿ.