ಹದಿಮೂರನೆಯ ಗಾಜಿನ ತಟ್ಟೆ

"ಗುರುಗಳೇ, ತಪ್ಪು ಯಾರದೆಂದು ಗೊತ್ತಾದ ಮೇಲೂ ಅವರನ್ನು ಎಷ್ಟು ದಿನ ತಾಳಿಕೊಳ್ಳಬೇಕು?"

ಕೇಳಿದವನು ಚನ್ನವೀರ. ಮಠದ ಪುಸ್ತಕ ಭಂಡಾರ ಅವನ ಉಸ್ತುವಾರಿಯಲ್ಲಿತ್ತು. ಅಲ್ಲಿಯ ಹಳೆಯ ಪುಸ್ತಕಗಳಿಗೆ ಒಂದೊಂದಾಗಿ ಬೂಷ್ಟು ಹಿಡಿಯುತ್ತಿತ್ತು. ಕಸ ಗುಡಿಸುವ ಮುದುಕ ಕೆಂಪಣ್ಣ ಕಿಟಕಿ ತೆರೆದಿಟ್ಟು ಹೋಗುವುದೇ ಇದಕ್ಕೆ ಕಾರಣ, ಅವನನ್ನು ಕೆಲಸದಿಂದ ಬಿಡಿಸಬೇಕು ಎಂದು ಹೇಳಲು ಚನ್ನವೀರ ಬಂದಿದ್ದ. ತನ್ನ ಕಡೆಯಿಂದ ಲೋಪವಿಲ್ಲ, ದಿನಾ ಬೆಳಿಗ್ಗೆ ಒಂದೊಂದು ಪುಸ್ತಕವನ್ನೂ ತಾನೇ ಒರೆಸಿಡುತ್ತೇನೆ ಎಂದೂ ಸೇರಿಸಿದ. ಅವತ್ತಿನ ಕೆಲಸ ಮುಗಿಸಿ ನೇರವಾಗಿ ಬಂದಿದ್ದರಿಂದ ಒರೆಸುವ ಬಟ್ಟೆ ಇನ್ನೂ ಹೆಗಲ ಮೇಲೇ ಇತ್ತು.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. "ಕೂತುಕೋ. ಒಂದು ಕತೆ ಹೇಳುತ್ತೇನೆ. ರಾಜ ಮಂತ್ರಿಯದಲ್ಲ, ಫೋನಿನೊಳಗೆ ಪಾಠ ನಡೆಯುವ ಕಾಲದ್ದು" ಎಂದು ಶುರುಮಾಡಿದರು.

ಒಬ್ಬ ಯುವಕನಿದ್ದ. ಬಾಳೆ ಸಸಿ ಬೆಳೆಸುವ ಪ್ರಯೋಗಾಲಯದಲ್ಲಿ ಅವನಿಗೆ ಕೆಲಸ. ಅಲ್ಲಿ ಬಾಳೆ ಮಣ್ಣಿನಲ್ಲಿ ಹುಟ್ಟುವುದಿಲ್ಲ, ಬಾಟಲಿಯಲ್ಲಿ ಹುಟ್ಟುತ್ತದೆ. ಬಾಳೆಯ ಬುಡದಲ್ಲಿ ಏಳುವ ಕಂದಿನ ತಿರುಳಿನಿಂದ ಕಡಲೆಕಾಳಿನಷ್ಟು ಚೂರು ತೆಗೆದು, ಲೋಳೆಯಂಥ ಆಹಾರ ತುಂಬಿದ ಬಾಟಲಿಯಲ್ಲಿಟ್ಟರೆ ಅದು ಚಿಗುರುತ್ತದೆ. ತಿಂಗಳಿಗೊಮ್ಮೆ ಆ ಚಿಗುರನ್ನು ಬಿಡಿಸಿ ಹೊಸ ಬಾಟಲಿಗಳಿಗೆ ಹಾಕಬೇಕು. ಒಂದು ನಾಲ್ಕಾಗುತ್ತದೆ, ನಾಲ್ಕು ಹದಿನಾರಾಗುತ್ತದೆ. ಆದರೆ ಕಣ್ಣಿಗೆ ಕಾಣದ ಕ್ರಿಮಿ ಒಳಗೆ ಹೊಕ್ಕರೆ ಬಾಟಲಿ ಹಾಳಾದಂತೆಯೇ. ಅದಕ್ಕೇ ಅಲ್ಲಿ ಮಡಿ ಬಹಳ. ಚಪ್ಪಲಿ ಬಾಗಿಲ ಹೊರಗೆ, ತಲೆಗೆ ಟೋಪಿ. ಶುದ್ಧ ಗಾಳಿ ಬೀಸುವ ಗಾಜಿನ ಪೆಟ್ಟಿಗೆಯೊಳಗೆ ಕೈಯಿಟ್ಟೇ ಕೆಲಸ ಮಾಡಬೇಕು. ಒಳಗೆ ಹೋಗುವ ಚಾಕು, ಚಿಮಟ, ಕೈಬೆರಳು, ಎಲ್ಲಕ್ಕೂ ಸ್ಪಿರಿಟ್ಟಿನ ಸ್ನಾನ. ನಮ್ಮ ಮಠದಲ್ಲೂ ಅಷ್ಟು ಮಡಿಯಿಲ್ಲ.

ಯುವಕನಿಗೆ ಮುಂದೆ ಓದುವ ಆಸೆ. ಕೆಲಸ ಬಿಡುವ ಹಾಗಿರಲಿಲ್ಲ. ದುಡಿಯುತ್ತಲೇ ಓದುವವರಿಗಾಗಿ ನಡೆಸುವ ಆನ್‌ಲೈನ್ ಎಂ.ಎಸ್ಸಿ. ಸೇರಿದ. ವಿಷಯ ಬಯೋಟೆಕ್ನಾಲಜಿ. ಪಾಠವೆಲ್ಲ ಫೋನಿನಲ್ಲಿ. ಬಸ್ಸಿನಲ್ಲಿ ನಿಂತು ಕೇಳಿದ, ಊಟದ ಹೊತ್ತಿನಲ್ಲಿ ಕೇಳಿದ, ಕೆಲಸದ ನಡುವೆಯೂ ಕೇಳಿದ. ಹೊತ್ತು ಸಾಲದಾದಾಗ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಕೇಳಿದ. ಅವನ ಛಲ ನಿಜವಾದದ್ದು, ಚನ್ನವೀರ. ಅದನ್ನು ನಾನು ಹಂಗಿಸುತ್ತಿಲ್ಲ.

ಹೀಗಿರುವಾಗ ಒಬ್ಬ ರೈತ ಗೋಣಿಚೀಲದಲ್ಲಿ ಒಂದು ಬಾಳೆಕಂದು ತಂದ. ಅವನ ಅಜ್ಜಿಯ ಕಾಲದ ಬಾಳೆಯಂತೆ. ಸೊರಗು ರೋಗ ಬಂದು ಸುತ್ತಲಿನ ಊರುಗಳಲ್ಲೆಲ್ಲ ಅದು ಸತ್ತುಹೋಗಿತ್ತು. ಉಳಿದದ್ದು ಇದೊಂದೇ ಕಂದು. ಇದು ಹೋದರೆ ಆ ಬಾಳೆಯೇ ಭೂಮಿಯಿಂದ ಹೋಯಿತು. ಯುವಕ ಅದನ್ನು ಬೇರೆ ಯಾರಿಗೂ ಕೊಡದೆ ತಾನೇ ವಹಿಸಿಕೊಂಡ. ಐದು ತಿಂಗಳಲ್ಲಿ ಅರವತ್ತು ಬಾಟಲಿಗಳಲ್ಲಿ ಚಿಗುರು ನಿಂತಿತು. ದಿನಾ ಬಂದ ಕೂಡಲೇ ಅವುಗಳ ಮುಖ ನೋಡಿಯೇ ಅವನು ಬೇರೆ ಕೆಲಸಕ್ಕೆ ಹೋಗುತ್ತಿದ್ದ.

ಆರನೆಯ ತಿಂಗಳು ಒಂದು ಬೆಳಿಗ್ಗೆ ನೋಡುತ್ತಾನೆ, ಬಾಟಲಿಯ ತಳದಲ್ಲಿ ಗುಲಾಬಿ ಬಣ್ಣದ ಕೀವಿನಂಥದು. ಅವತ್ತು ಆರು ಬಾಟಲಿ, ವಾರದೊಳಗೆ ಇಪ್ಪತ್ತು. ಕೆಟ್ಟದ್ದನ್ನು ಎಸೆದು ಒಳ್ಳೆಯದನ್ನು ಹೊಸ ಬಾಟಲಿಗೆ ಹಾಕಿದ. ಹೊಸದರಲ್ಲೂ ಗುಲಾಬಿ.

ಇದು ಯಾರ ಬೇಜವಾಬ್ದಾರಿ ಎಂದು ಮೇಲಿನವರು ಕೇಳಿದರು. ಅಲ್ಲಿ ಬಾಟಲಿ ತೊಳೆಯುವ ಹೆಂಗಸೊಬ್ಬಳಿದ್ದಳು. ಹೆಸರು ದ್ಯಾವಕ್ಕ. ಹೂ ಮುಡಿಯುವವಳು, ಎಲೆಯಡಿಕೆ ಹಾಕುವವಳು, ಶಾಲೆಯ ಮೆಟ್ಟಿಲು ಹತ್ತದವಳು. ಯುವಕ ಅವಳ ಹೆಸರು ಹೇಳಿಬಿಟ್ಟ. ದ್ಯಾವಕ್ಕ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ.

"ನಾನ್ ತೊಳೆದಿದ್ ಬಾಟ್ಲಿನ ನೀವು ಮತ್ತೆ ಆ ದೊಡ್ ಕುಕ್ಕರ್‌ನಾಗೆ ಹಾಕಿ ಬೇಯಿಸ್ತೀರಲ್ಲ ಸಾರ್," ಎಂದಳು. "ಅಷ್ಟು ಬೆಂದ್ ಮ್ಯಾಲೂ ನನ್ ಕೈ ಕೊಳೆ ಉಳ್ಕಂಡಿರ್ತದಾ?"

ಆ ಪ್ರಶ್ನೆಗೆ ಉತ್ತರ ಅವನ ಎರಡನೆಯ ಸೆಮಿಸ್ಟರಿನ ಪಾಠದಲ್ಲೇ ಇತ್ತು. ಪರೀಕ್ಷೆಯಲ್ಲಿ ಅದನ್ನೇ ಬರೆದು ಪೂರ್ತಿ ಅಂಕ ತೆಗೆದಿದ್ದ. ಆದರೂ ಅವಳ ಮಾತು ಅವನ ಕಿವಿಗೆ ಬೀಳಲಿಲ್ಲ.

ಕೊನೆಯ ಸೆಮಿಸ್ಟರಿಗೆ ಒಂದು ಪ್ರಬಂಧ ಬರೆಯಬೇಕಿತ್ತು. ಕ್ರಿಮಿ ಎಲ್ಲಿಂದ ಬಂತು ಎಂಬುದನ್ನೇ ಅವನು ವಿಷಯ ಮಾಡಿಕೊಂಡ. ಹನ್ನೆರಡು ಗಾಜಿನ ತಟ್ಟೆಗಳಲ್ಲಿ ಕ್ರಿಮಿಗೆ ಬೇಕಾದ ಆಹಾರ ಹುಯ್ದಿಟ್ಟ. ಹತ್ತಿಯ ಕಡ್ಡಿಯಿಂದ ಒಂದೊಂದು ವಸ್ತುವನ್ನು ಒರೆಸಿ ಒಂದೊಂದು ತಟ್ಟೆಗೆ ಸವರಿದ. ಎಲ್ಲಿ ಗುಲಾಬಿ ಬೆಳೆಯುತ್ತದೋ ಅಲ್ಲಿ ಕಳ್ಳ ಸಿಕ್ಕಿದ ಹಾಗೆ. ಹನ್ನೆರಡರಲ್ಲಿ ಏಳು ತಟ್ಟೆ ದ್ಯಾವಕ್ಕನವು. ಅವಳ ಕೈ, ಬಳೆ, ಸೆರಗು, ಹೂವು, ಚಪ್ಪಲಿ, ಚೀಲ, ನೀರಿನ ಲೋಟ. ಇನ್ನುಳಿದ ಐದು ಚಾಕು, ಚಿಮಟ, ನಲ್ಲಿ, ಗಾಳಿಯ ಜಾಲರಿ, ಮತ್ತೆ ಆಗಷ್ಟೇ ಸ್ಪಿರಿಟ್ಟಿನಲ್ಲಿ ತೊಳೆದ ಅವನದೇ ಕೈ. ತನ್ನ ಕೈಯನ್ನೂ ಬಿಡಲಿಲ್ಲ ನೋಡು, ಅಷ್ಟು ನ್ಯಾಯವಂತ. ದ್ಯಾವಕ್ಕ ಸೂಜಿಗೆ ತೋಳು ಕೊಡುವವಳ ಹಾಗೆ ಮುಖ ಆಚೆ ತಿರುಗಿಸಿ ಕೈ ಚಾಚಿದಳು. ತಟ್ಟೆಗಳಲ್ಲಿ ಏನಾದರೂ ಬೆಳೆಯಲು ಮೂರು ದಿನ ಬೇಕು. ಅವಳನ್ನು ಮನೆಗೆ ಕಳಿಸಲು ಒಂದು ದಿನವೂ ಬೇಕಾಗಲಿಲ್ಲ.

ಮೂರು ದಿನದ ಮೇಲೆ ನೋಡಿದರೆ ಕೆಲವು ತಟ್ಟೆಗಳಲ್ಲಿ ಬಿಳಿ ಚುಕ್ಕೆ, ಕೆಲವುಗಳಲ್ಲಿ ಹಳದಿ. ಗುಲಾಬಿ ಮಾತ್ರ ಎಲ್ಲೂ ಇಲ್ಲ. ಅತ್ತ ಬಾಟಲಿಗಳಲ್ಲಿ ಗುಲಾಬಿ ನಿಲ್ಲಲೂ ಇಲ್ಲ. ಬಾಟಲಿ ತೊಳೆಯಲು ಬೇರೆಯವರು ಬಂದಿದ್ದರು, ಆದರೂ ಅರವತ್ತು ಬಾಟಲಿ ಇದ್ದದ್ದು ಒಂಬತ್ತಕ್ಕೆ ಇಳಿಯಿತು. ಕಳ್ಳ ಸಿಗಲಿಲ್ಲವೆಂದೇ ಅವನು ಪ್ರಬಂಧ ಬರೆದು ಮುಗಿಸಿದ.

ಪ್ರಬಂಧದ ಮೇಲೆ ಪ್ರಶ್ನೆ ಕೇಳಲು ಅವನ ಮೇಡಂ ಫೋನಿನ ಪರದೆಯ ಮೇಲೆ ಬಂದರು. ದೂರದ ಊರಿನವರು, ನೇರವಾಗಿ ಅವನು ಅವರನ್ನು ಕಂಡದ್ದೇ ಇಲ್ಲ. ಹನ್ನೆರಡು ತಟ್ಟೆಗಳ ವಿಷಯ ಕೇಳಿ ಮೆಚ್ಚಿದರು. ಕೆಲಸವನ್ನೂ ಓದನ್ನೂ ಹೇಗೆ ಸರಿದೂಗಿಸಿದಿರಿ, ನನ್ನ ಪಾಠ ಎಲ್ಲಿ ಕುಳಿತು ಕೇಳುತ್ತಿದ್ದಿರಿ ಎಂದು ಲೋಕಾಭಿರಾಮವಾಗಿ ವಿಚಾರಿಸಿದರು. ಅವನಿಗೆ ಹೆಮ್ಮೆಯಾಯಿತು.

"ಕೂರೋಕೆ ಟೈಮ್ ಎಲ್ಲಿ ಮೇಡಂ, ಕೆಲಸ ಮಾಡ್ತಾನೇ ಕೇಳ್ತಿದ್ದೆ. ಫೋನನ್ನ ಗಾಜಿನ ಪೆಟ್ಟಿಗೆ ಒಳಗೇ ಒರಗಿಸಿ ಇಟ್ಕೊಂಡು, ಅರ್ಥ ಆಗ್ದಿದ್ದಾಗ ಬೆರಳಲ್ಲಿ ಹಿಂದಕ್ಕೆ ಎಳ್ಕೊಂಡು..."

ಮಾತು ಅಲ್ಲಿಗೇ ನಿಂತಿತು. ತಾನು ಹೇಳಿದ್ದು ಅವನಿಗೇ ಆಗ ಕೇಳಿಸಿತು. ಕೈಯಲ್ಲಿದ್ದ ಫೋನನ್ನೇ ನೋಡಿದ. ಬಸ್ಸಿನ ಕಂಬಿ ಹಿಡಿದ ಕೈಯಲ್ಲಿ, ಊಟದ ಕೈಯಲ್ಲಿ ಮುಟ್ಟುವ ಫೋನು. ಗಾಜು ಹಾಳಾದೀತೆಂದು ಒಂದು ದಿನವೂ ಸ್ಪಿರಿಟ್ಟು ಸೋಕಿಸದ ಫೋನು. ಅದನ್ನು ಮುಟ್ಟಿದ ಬೆರಳಲ್ಲೇ ಅವನು ಚಿಮಟ ಹಿಡಿದಿದ್ದ.

ಹದಿಮೂರನೆಯ ತಟ್ಟೆಗೆ ಫೋನನ್ನು ಒರೆಸಿ ಸವರಿದ. ಮೂರನೆಯ ಬೆಳಿಗ್ಗೆ ಮುಚ್ಚಳ ತೆಗೆದು ನೋಡಬೇಕಾಗಲಿಲ್ಲ. ಬಾಗಿಲಿನಿಂದಲೇ ಕಂಡಿತು. ತಟ್ಟೆ ತುಂಬ ಅದೇ ಗುಲಾಬಿ. ಮೊದಲು ಕೆಟ್ಟ ಆರು ಬಾಟಲಿಗಳಿಗೆ ಚಿಗುರು ಹಾಕಿದ ದಿನ ಯಾವ ಪಾಠ ಕೇಳುತ್ತಿದ್ದೆ ಎಂದು ಫೋನಿನಲ್ಲಿ ಹುಡುಕಿದ. ಬಾಟಲಿಗೆ ಕ್ರಿಮಿ ಹೊಗದಂತೆ ಕಾಯುವುದು ಹೇಗೆ ಎಂಬ ಪಾಠ ಅದು. ಅರ್ಥವಾಗಲಿಲ್ಲವೆಂದು ಮೂರು ಸಲ ಹಿಂದಕ್ಕೆಳೆದು ಕೇಳಿದ್ದ.

ಅಷ್ಟು ಹೊತ್ತಿಗೆ ಉಳಿದದ್ದು ಮೂರೇ ಬಾಟಲಿ. ಅವುಗಳ ಮೇಲಿನ ತಾರೀಖು ನೋಡಿದ. ಮೂರೂ ಫೋನು ರಿಪೇರಿಗೆ ಹೋಗಿದ್ದ ದಿನ ಹಾಕಿದವು.

ಮೇಲಿನವರ ಮುಂದೆ ತಪ್ಪೊಪ್ಪಿಕೊಂಡು, ಅವನು ದ್ಯಾವಕ್ಕನ ಮನೆಗೆ ಹೋದ. ಅವಳು ಬಾಗಿಲಲ್ಲೇ ನಿಂತಳು, ಒಳಗೆ ಬಾ ಎನ್ನಲಿಲ್ಲ. ತಪ್ಪು ನನ್ನದು, ಮತ್ತೆ ಕೆಲಸಕ್ಕೆ ಬನ್ನಿ ಎಂದು ಅವನು ತಡವರಿಸಿ ಹೇಳಿದ. ಅವಳು ಎಲ್ಲ ಕೇಳಿಸಿಕೊಂಡಳು.

"ಬಾಳೆ ಉಳೀತಾ?" ಎಂದಳು.

"ಮೂರು ಬಾಟ್ಲಿ ಉಳಿದಿದೆ, ದ್ಯಾವಕ್ಕ."

"ಹಂಗಾರೆ ಇಲ್ಯಾಕ್ ನಿಂತಿದೀಯ? ಹೋಗಿ ಅದನ್ ನೋಡ್ಕೋ ಹೋಗು." ಇಷ್ಟು ದಿನ ಸಾರ್ ಎನ್ನುತ್ತಿದ್ದವಳು ಏಕವಚನದಲ್ಲಿ ಹೇಳಿ ಬಾಗಿಲು ಹಾಕಿಕೊಂಡಳು. ಮತ್ತೆ ಆ ಕೆಲಸಕ್ಕೆ ಅವಳು ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ದ್ಯಾವಕ್ಕನ ಮೇಲೆ ಮರುಕ ಬಂದಿತ್ತು, ಯುವಕನ ಮೇಲೆ ಸಿಟ್ಟೂ ಬಂದಿತ್ತು. ಅಷ್ಟು ಓದಿದವನಿಗೆ ಕೈಯಲ್ಲೇ ಇದ್ದದ್ದು ಕಾಣದೆ ಹೋಯಿತೇ ಎಂದು ಅವನು ತಲೆಯಾಡಿಸಿದ. ಗುರುಗಳು ಅವನ ಹೆಗಲನ್ನೇ ನೋಡುತ್ತಿದ್ದರು. ಅವರು ಏನು ನೋಡುತ್ತಿದ್ದಾರೆಂದು ಚನ್ನವೀರನೂ ಕತ್ತು ತಿರುಗಿಸಿದ. ಬಟ್ಟೆಯಿಂದ ನೀರಿಳಿದು ಅಂಗಿ ಎದೆಯ ತನಕ ನೆನೆದಿತ್ತು.

ಗುರುಗಳು ಕೇಳಿದರು: "ಪುಸ್ತಕ ಒರೆಸುವ ಬಟ್ಟೆಯನ್ನು ದಿನಾ ಇಷ್ಟೇ ಒದ್ದೆ ಮಾಡಿಕೊಳ್ಳುತ್ತೀಯೇನು, ಚನ್ನವೀರ?"