ಮಾರಿದ ಎಳ್ಳು ಮನೆಗೇ ಬಂತು

ಹೊದ್ಕೊಂಡು ಹೂಂಗುಟ್ಟು ಮರಿ, ಹೂಂ ಅನ್ನದಿದ್ರೆ ಕತೆ ನಿಂತೋಗುತ್ತೆ. ಒಂದಾನೊಂದು ಕಾಲದಲ್ಲಿ ಒಂದೂರಲ್ಲಿ ಸಾಕಮ್ಮ ಅಂತ ಒಬ್ಬಳಿದ್ದಳಂತೆ. ಗಂಡ ತೀರ್ಕೊಂಡಿದ್ದ, ಮನೇಲಿ ಅವಳೂ ಅತ್ತೆ ನಂಜಮ್ಮನೂ ಇಬ್ಬರೇ. ಆ ವರ್ಷ ಸಂಕ್ರಾಂತಿ ಹೊತ್ತಿಗೆ ಹೆಂಗಸರೆಲ್ಲ ಕುಯ್ಲಿಗೆ ಹೋಗಿದ್ದರು, ಕೊಬ್ಬರಿ ಬೆಲ್ಲ ಹೆಚ್ಚಿ ಎಳ್ಳು ಬೆರೆಸೋಕೆ ಯಾರಿಗೂ ಬಿಡುವಿಲ್ಲ. ಅದನ್ನ ನೋಡಿ ಸಾಕಮ್ಮ, ನಾನೇ ಮಾಡಿ ಮಾರ್ತೀನಿ ಅತ್ತೆ ಅಂದಳಂತೆ. ಅಯ್ಯೋ, ಎಳ್ಳು ಬೀರ್ತಾರೆ ಕಣೇ, ಯಾರಾದ್ರೂ ಮಾರ್ತಾರಾ ಅಂತ ಅತ್ತೆ ಬಾಯಿ ಬಡ್ಕೊಂಡಳಂತೆ. ಕೊನೆಗೆ ಮೂಲೇಲಿದ್ದ ಕೊಳಗ ತೋರಿಸಿ, ಇದರ ತುಂಬ ಮಾಡು, ಹಬ್ಬದ ದಿನ ದೀಪ ಹಚ್ಚೋ ಹೊತ್ತಿಗೆ ಬರಿದಾಗಿರಬೇಕು, ಒಂದು ಹಿಡಿ ಉಳಿದರೂ ವ್ಯಾಪಾರ ಬಿಟ್ಟು ಕೂಲಿಗೆ ಹೋಗು ಅಂದಳಂತೆ.

ಆಮೇಲೆ ಸಾಕಮ್ಮ ಕೈಲಿ ಬೊಬ್ಬೆ ಏಳೋ ತನಕ ಕೊಬ್ಬರಿ ಬೆಲ್ಲ ಹೆಚ್ಚಿ, ಎಳ್ಳು ಕಡಲೆಬೀಜ ಹುರಿದು, ಹುರಿಗಡಲೆ ಸೇರಿಸಿ ಕೊಳಗ ತುಂಬಿಸಿದಳಂತೆ. ಹಬ್ಬದ ಬೆಳಿಗ್ಗೆ ಬಾಗಿಲು ತೆಗೆದದ್ದೇ ತಡ, ಹೆಂಗಸರು ಮುಗಿಬಿದ್ದು ಕೊಂಡ್ಕೊಂಡು ಹೋದರು, ಮಧ್ಯಾಹ್ನಕ್ಕೆಲ್ಲ ಕೊಳಗದ ತಳ ಕಾಣ್ತಂತೆ. ಗೆದ್ದೆ ಅಂತ ಸಾಕಮ್ಮ ಕಾಲು ಚಾಚಿ ಕೂತಳಂತೆ.

ಆಮೇಲೆ ಸಂಜೆ ಜರಿ ಲಂಗದ ಹುಡುಗಿಯೊಬ್ಬಳು ಎಳ್ಳಿನ ತಟ್ಟೆ ಹಿಡ್ಕೊಂಡು ಬಂದಳು, ಅಮ್ಮ ಬೀರಿ ಬಾ ಅಂದ್ಳು ಅಂತ. ಬೀರಿದ ಎಳ್ಳು ಬೇಡ ಅನ್ನೋ ಹಾಗಿಲ್ವಲ್ಲ! ಕೊಳಗಕ್ಕೆ ಸುರ್ಕೊಂಡು ಚೂರು ಬಾಯಿಗೆ ಹಾಕ್ಕೊಂಡರೆ, ಇವಳೇ ಮಾಡಿದ ಎಳ್ಳು! ಬೇರೆ ಪಾತ್ರೆಗೆ ಹಾಕ್ಬೋದಿತ್ತು ಅಂತೀಯಾ? ಗಾಬರೀಲಿ ತೋಚಬೇಕಲ್ಲ. ಇನ್ನೊಬ್ಬಳು ಬಂದಳು, ಅದೂ ಇವಳದೇ. ಮೂರನೇ ಸಲ ನೋಡಿದರೆ ಬಾಗಿಲಲ್ಲಿ ಮಕ್ಕಳ ಸಾಲೇ ನಿಂತಿತ್ತಂತೆ. ಕೊಳಗ ಮತ್ತೆ ತುಂಬಿಬಿಡ್ತು. ಸಾಕಮ್ಮನಿಗೆ ತಲೆಬುಡ ತಿಳೀಲಿಲ್ಲ. ಮಾರಿದ್ದು ನಿಜ ಆದ್ರೆ ಇದು ಇಲ್ಲಿ ಹೆಂಗಿದೆ? ಮಾರಿಲ್ಲ ಅಂದ್ರೆ ಸೆರಗಿನ ಗಂಟಲ್ಲಿರೋ ಕಾಸು ಯಾರದು?

ಅಷ್ಟೊತ್ತಿಗೆ ಅತ್ತೆ ದೀಪ ಹಚ್ಚಿ ಬಂದು ಕೊಳಗ ನೋಡಿದಳಂತೆ. ಎಲ್ಲಾ ಹೋಗಿತ್ತು ಅತ್ತೆ, ಎಲ್ಲಾ ಬಂದ್ಬಿಡ್ತು ಅಂತ ಸಾಕಮ್ಮ ಅಳೋಕೆ ಶುರು ಮಾಡಿದಳು. ಅತ್ತೆಗೂ ಅರ್ಥವಾಗಲಿಲ್ಲ. ಯಾರೇ ತಂದಿದ್ದು? ಊರ ಮಕ್ಕಳು ಅತ್ತೆ. ನಮ್ಮನೆಗಾ? ಹೂಂ, ನಮ್ಮನೆಗೇ. ಅತ್ತೆ ಕೊಳಗದ ಪಕ್ಕ ಬಂದು ಕೂತಳಂತೆ. ನನ್ನ ಮಗ ಹೋದಾಗಿಂದ, ವಿಧವೇರ ಮನೆ ಅಂತ ಒಂದು ಮಗೂನೂ ಎಳ್ಳು ಹಿಡ್ಕೊಂಡು ಈ ಹೊಸ್ತಿಲು ತುಳಿದಿರಲಿಲ್ಲ ಕಣೇ ಅಂದವಳೇ, ಒಂದು ಹಿಡಿ ಬಾಯಿಗೆ ಹಾಕ್ಕೊಂಡು ಗೊಳೋ ಅಂತ ಅತ್ತಳಂತೆ.

ಆಮೇಲೆ? ಆಮೇಲೇನು, ಕೂಲಿ ಮಾತು ಅಲ್ಲಿಗೇ ಬಿಟ್ಟು, ಮುಂದಿನ ಹಬ್ಬಕ್ಕೆ ಅತ್ತೆಯೇ ಈಳಿಗೆಮಣೆ ಎಳ್ಕೊಂಡು ಕೂತಳಂತೆ, ಕೇರಿ ಹೆಂಗಸರೂ ಸೇರ್ಕೊಂಡರಂತೆ, ಎಳ್ಳು ಮೂರೂರಿಗೆ ಹೋಯ್ತಂತೆ, ಕಡಲೆಕಾಯಿ ಬೆಳೆಯೋರೂ ಬೆಲ್ಲ ಕಾಯಿಸೋ ಆಲೆಮನೆಯೋರೂ ಚೆನ್ನಾಗಿ ಉಂಡ್ರಂತೆ. ಮಾರಿದ್ದು ವಾಪಸ್ ಬಂದ್ರೆ ಲಾಭಾನೋ ನಷ್ಟಾನೋ ಅಂತ ಸಾಕಮ್ಮನಿಗೆ ಮಾತ್ರ ಕೊನೇತನಕ ಗೊತ್ತಾಗಲಿಲ್ವಂತೆ. ನನ್ನ ಕೇಳಬೇಡ, ನಂಗೂ ಗೊತ್ತಿಲ್ಲ. ಕತೆ ಮುಗೀತು, ಮಲಕ್ಕೋ ಮರಿ.